ಮೂರು ಡಿಸ್ಕ್ ಸೇರಿಸಿ ಒಂದು ಮಾಡಲೇ?

ಪ್ರಶ್ನೆ: ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ. ಅದಲ್ಲದೆ 500 ಜಿಬಿ, 1 ಟಿಬಿ, 2 ಟಿಬಿಯ ಮೂರು ಹಳೇ ಹಾರ್ಡ್ ಡಿಸ್ಕ್ ಇವೆ. ಮಗಳ ನಾಮಕರಣದ ಫೋಟೋ ಡಿ ಡ್ರೈವ್‌ನಲ್ಲಿದೆಯೋ ಇ ಡ್ರೈವ್‌ನಲ್ಲಿದೆಯೋ ಅಂತ ಹುಡುಕಿ ಸಾಕಾಗಿದೆ. ಮೂರನ್ನೂ ಸೇರಿಸಿಬಿಡಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸೇರಿಸಬಹುದು, ನಾನಾಗಿದ್ದರೆ ಸೇರಿಸುತ್ತಿರಲಿಲ್ಲ. ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಮೂರನ್ನೂ ಒಂದೇ ಡ್ರೈವ್ ಮಾಡಿ ತೋರಿಸುತ್ತದೆ, ಆದರೆ ಸೇರಿಸುವಾಗಲೇ ಅವುಗಳಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಇನ್ನೊಂದು ಪ್ರತಿ ಇಡದ ಸಾದಾ ವಿಧಾನದಲ್ಲಿ ಒಂದು ಡಿಸ್ಕ್ ಕೆಟ್ಟರೂ ಇಡೀ ಡ್ರೈವೇ ಹೋದ ಹಾಗೆ. ಹಳೇ ಡಿಸ್ಕ್ ಮೂರಿದ್ದರೆ ಕೆಡುವ ಅವಕಾಶವೂ ಜಾಸ್ತಿ ಅಲ್ವಾ? ಫೈಲನ್ನು ತುಂಡು ಮಾಡಿ ಎಲ್ಲ ಡಿಸ್ಕಿಗೂ ಹಂಚುವ ರೇಯ್ಡ್ 0 ವಿಧಾನ ಇನ್ನೂ ದಂಡ: ಒಂದೊಂದು ಡಿಸ್ಕಿನಿಂದಲೂ ಅತಿ ಚಿಕ್ಕ ಡಿಸ್ಕಿನಷ್ಟೇ ಜಾಗ ತಗೊಳ್ಳುತ್ತದೆ, ಅಂದರೆ ನಿಮಗೆ ಸಿಗುವುದು 1.5 ಟಿಬಿ, ಉಳಿದ 2 ಟಿಬಿ ಸುಮ್ನೆ ಬಿದ್ದಿರುತ್ತದೆ.

ನಿಮ್ಮ ತೊಂದರೆ ಹುಡುಕುವುದು ತಾನೇ? ಡಿಯಲ್ಲಿ ಖಾಲಿ ಫೋಲ್ಡರ್ ಮಾಡಿ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಇ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವ್ ಅಕ್ಷರ ಬದಲಿಸುವ ಕಡೆ ಆ ಫೋಲ್ಡರನ್ನು ಸೇರಿಸಿ. ಇ ಡ್ರೈವ್ ಇನ್ನು ಡಿಯೊಳಗಿನ ಫೋಲ್ಡರ್ ಥರ ಕಾಣುತ್ತದೆ, ಏನೂ ಅಳಿಸುವುದಿಲ್ಲ. ಡಿ ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಆಗಿರಬೇಕು, ಅಷ್ಟೇ. ನಾಮಕರಣದ ಫೋಟೋಗಳನ್ನು ಮಾತ್ರ ಇವತ್ತೇ ಹೊರಗಿನ ಒಂದು ಡಿಸ್ಕಿಗೂ ಕಾಪಿ ಮಾಡಿ, ಬೀರುವಿನಲ್ಲಿಡಿ.