ಕಾಫಿ ತೋಟಕ್ಕೆ ಕುಯ್ಲಿನ ಮೂರು ತಿಂಗಳು ಮಾತ್ರ ಬಂದರೆ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಕೆಲಸ ಬೆಂಗಳೂರಲ್ಲಿ, ಸಕಲೇಶಪುರದ ಕಡೆ ಆರೇಳು ಎಕರೆ ಕಾಫಿ ತೋಟ ತೆಗೆದುಕೊಳ್ಳುವ ಯೋಚನೆ ಇದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲೇ ಇದ್ದು ಕುಯ್ಲು ಮುಗಿಸಿಕೊಂಡು ಬಂದರೆ ಮಿಕ್ಕ ತಿಂಗಳು ಒಬ್ಬ ಮೇಸ್ತ್ರಿ ನೋಡಿಕೊಳ್ಳುತ್ತಾನೆ, ಆಗ ತೋಟದಲ್ಲಿ ಅಂಥ ಕೆಲಸ ಏನಿರುತ್ತೆ?

ಆಗಲ್ಲ. ನಿಮ್ಮ ಲೆಕ್ಕ ತಲೆಕೆಳಗಾಗಿದೆ. ವರ್ಷಕ್ಕೆ ಮೂರೇ ತಿಂಗಳು ರಜೆ ಸಿಗುತ್ತದೆ ಅಂದರೆ ಕುಯ್ಲನ್ನು ಬೇರೆಯವರಿಗೆ ಬಿಟ್ಟು ಮಾರ್ಚ್, ಏಪ್ರಿಲ್, ಮೇ ಇಲ್ಲಿರಿ. ಕುಯ್ಲಲ್ಲಿ ನಾವು ಮಾಡುವುದು ಗಿಡದಲ್ಲಿ ಇರುವುದನ್ನು ಇಳಿಸುವುದು ಅಷ್ಟೇ. ಗಿಡದಲ್ಲಿ ಎಷ್ಟಿರಬೇಕು ಅನ್ನುವುದು ಬೇಸಿಗೆಯಲ್ಲೇ ಹೆಚ್ಚುಕಡಿಮೆ ತೀರ್ಮಾನ ಆಗಿರುತ್ತದೆ. ನಮ್ಮದೂ ಅದೇ ಕಡೆ ತೋಟ. ಎರಡೂ ಜಾತಿ ಕಾಫಿ ಇದೆ, ಮೇಲೆ ಅರೇಬಿಕಾ, ಕೆಳಗೆ ರೋಬಸ್ಟಾ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಹಾಗಾಗಿ ನೋಡಿದ್ದನ್ನು ಹೇಳುತ್ತೇನೆ.

ನಮ್ಮ ವರ್ಷ ಶುರುವಾಗುವುದು ಹೂಮಳೆಯಿಂದ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಗೆಣ್ಣು ಗೆಣ್ಣಿಗೂ ಮೊಗ್ಗು ಕಟ್ಟಿ ನೀರಿಗಾಗಿ ಕಾಯುತ್ತಿರುತ್ತದೆ. ಒಂದು ಇಂಚು, ಇಲ್ಲಾ ಸ್ವಲ್ಪ ಜಾಸ್ತಿ ಮಳೆ ಒಟ್ಟಿಗೆ ಬಿದ್ದರೆ ವಾರ-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ರೀಲ್ಸ್ ಮಾಡುವವರು ಕಾರು ನಿಲ್ಲಿಸುವುದು ಆಗಲೇ. ಇಲ್ಲಿ ಮಳೆಯನ್ನು ಯಾರೂ ಮಿಲಿಮೀಟರ್‌ನಲ್ಲಿ ಹೇಳುವುದಿಲ್ಲ, ಇಂಚು-ಸೆಂಟ್ಸ್ ಲೆಕ್ಕ, ನೂರು ಸೆಂಟ್ಸ್‌ಗೆ ಒಂದು ಇಂಚು. ಮಾರ್ಚ್‌ನಲ್ಲಿ ನಮ್ಮ ವಾಟ್ಸಾಪ್ ಗ್ರೂಪ್ ತೆಗೆದರೆ "ನಮ್ಮಲ್ಲಿ 80 ಸೆಂಟ್ಸ್", "ಹಾನುಬಾಳಲ್ಲಿ ಒಂದು ಇಂಚು 20", "ನಮಗೆ ಬರೀ ಗುಡುಗು ಮಾರಾಯ್ರೆ" ಇದೇ ಮಾತು. ಗುಡ್ಡದ ಆಚೆ ಬಿದ್ದದ್ದು ಈಚೆ ಬೀಳಬೇಕು ಅಂತೇನಿಲ್ಲ. ಮಳೆ ಬರದಿದ್ದರೆ ಇನ್ನೊಂದಷ್ಟು ದಿನ ಕಾಯಬಹುದು, ಆದರೆ 15-20 ಸೆಂಟ್ಸ್ ಉದುರಿಸಿ ಸುಮ್ನೆ ಆಗಿಬಿಟ್ಟರೆ ಕಷ್ಟ. ಮೊಗ್ಗು ಅರ್ಧಕ್ಕೆ ಎದ್ದು, ಗುಲಾಬಿ ಬಣ್ಣಕ್ಕೆ ತಿರುಗಿ, ಅರಳದೆ ಒಣಗಿಹೋಗುತ್ತದೆ.

ಅದಕ್ಕೇ ರೋಬಸ್ಟಾದವರು ಮಳೆ ನಂಬಿ ಕೂರುವುದಿಲ್ಲ. ಕೆರೆಯಿಂದ ಪಂಪ್ ಹಚ್ಚಿ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಒಂದು ಕಡೆ ಜೆಟ್ ಸಾಕಷ್ಟು ಹೊತ್ತು ತಿರುಗಿದ ಮೇಲೆ ಪೈಪ್ ಬಿಚ್ಚಿ, ಹೆಗಲ ಮೇಲೆ ಹೊತ್ತು, ಮುಂದಿನ ಪಾಯಿಂಟ್‌ಗೆ ಸಾಗಿಸಬೇಕು. ಕರೆಂಟ್ ಇದ್ದಾಗ ಓಡಬೇಕು, ಇಲ್ಲದಿದ್ದರೆ ಡೀಸೆಲ್ ಸುಡಬೇಕು. ಹಗಲು ರಾತ್ರಿ ಇದೇ ಕೆಲಸ. ಪೂರ್ತಿ ನೀರು ಬೀಳುವ ಮೊದಲೇ ಪೈಪ್ ಎತ್ತಿದರೆ ಮೇಲೆ ಹೇಳಿದ 20 ಸೆಂಟ್ಸ್ ಕಥೆಯೇ, ಈ ಸಲ ನಮ್ಮ ಡೀಸೆಲ್ ಖರ್ಚಲ್ಲಿ. ಆಮೇಲೆ ಎರಡು-ಮೂರು ವಾರದೊಳಗೆ ಇನ್ನೊಂದು ಸಲ ನೀರು ಬೇಕು. ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ, ಕಚ್ಚಿದ ಕಾಯಿ ನಿಲ್ಲುವುದು ಅದರಿಂದ. ರೋಬಸ್ಟಾ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಹೋಗದೆ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಹೂವು ಅರಳಿದ ಮೂರ್ನಾಲ್ಕು ದಿನ ಜೋರು ಮಳೆ ಬರಬಾರದು, ಜೇನು ಓಡಾಡಬೇಕು, ಯಾರೂ ಔಷಧಿ ಹೊಡೆಯಬಾರದು. ಅರೇಬಿಕಾಗೆ ಈ ತಾಪತ್ರಯ ಕಡಿಮೆ, ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ.

ಇದೇ ಹೊತ್ತಿಗೆ ಮೆಣಸು ಕೊಯ್ಯಬೇಕು. ಉದ್ದ ಏಣಿ ಹತ್ತಿ ಬಳ್ಳಿಗೆ ಕೈ ಹಾಕುವವರು ಈಗ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕ ದಿನ ಬಿಟ್ಟುಕೊಡಬಾರದು. ಕುಯ್ಲು ಮುಗಿದ ಗಿಡಕ್ಕೆ ಗಿಡಗಸಿ ಆಗಬೇಕು, ಅಂದರೆ ಒಣಗಿದ ರೆಕ್ಕೆ (ಅಡ್ಡ ಕೊಂಬೆ) ತೆಗೆದು ಮುಂದಿನ ವರ್ಷದ ರೆಕ್ಕೆಗೆ ಜಾಗ ಮಾಡಬೇಕು.

ಏಪ್ರಿಲ್-ಮೇ ಬಂದರೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು. ನನ್ನ ಕೇಳಿದರೆ ತೋಟದಲ್ಲಿ ಮಾಲೀಕ ನಿಂತು ಮಾಡಿಸಲೇಬೇಕಾದ ಕೆಲಸ ಒಂದಿದ್ದರೆ ಇದು. ನಮ್ಮ ಕಾಫಿ ಬೆಳೆಯುವುದು ಮರದ ನೆರಳಲ್ಲಿ, ಹಾಲವಾಣ, ಸಿಲ್ವರ್ ಓಕ್, ಅತ್ತಿ, ಬಸರಿ, ಹಲಸು ಹೀಗೆ. ಮಳೆಗಾಲಕ್ಕೆ ಮುಂಚೆ ಕೊಂಬೆ ಇಳಿಸಿ ಗಾಳಿ ಬೆಳಕು ಬಿಡಬೇಕು. ಕಡಿಮೆ ತೆಗೆದರೆ ಜುಲೈನಲ್ಲಿ ಗಿಡ ತೇವದಲ್ಲೇ ಕೂತು ಕೊಳೆರೋಗ ಬರುತ್ತದೆ. ಜಾಸ್ತಿ ತೆಗೆದರೆ ಅರೇಬಿಕಾ ಗಿಡದ ಕಾಂಡಕ್ಕೆ ಬಿಸಿಲು ಬಿದ್ದು ಬೋರರ್‌ಗೆ ಆಹ್ವಾನ ಕೊಟ್ಟ ಹಾಗೆ, ಬಿಳಿ ಕಾಂಡಕೊರಕ ಮೊಟ್ಟೆ ಇಡುವುದೇ ಬಿಸಿಲು ತಾಗುವ ತೊಗಟೆಯಲ್ಲಿ. ಎಲ್ಲಿ ಎಷ್ಟು ಅನ್ನುವುದು ಆ ಆ ಪಟ್ಟೆಯ (ತೋಟದ ಭಾಗದ) ಏರು, ಬಿಸಿಲು ಬರುವ ದಿಕ್ಕು ನೋಡಿಯೇ ಹೇಳಬೇಕು. ಮರ ಹತ್ತಿದವನಿಗೇ ಬಿಟ್ಟರೆ ಹತ್ತೋಕೆ ಸುಲಭವಾದ ಕೊಂಬೆ ಹೋಗಿರುತ್ತದೆ, ಅವನದೇನು ತಪ್ಪಿಲ್ಲ, ಜೀವ ಅವನದು. ಹಗ್ಗ ಕಟ್ಟಿಕೊಳ್ಳದೆ ಯಾರನ್ನೂ ಹತ್ತಿಸಬೇಡಿ.

ಮಳೆ ಹಿಡಿಯುವ ಮೊದಲು ಬೋರ್ಡೋ, ಅಂದರೆ ಕೊಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆದು ಮುಗಿಸಬೇಕು. ಕಾಫಿಗೆ 200 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೆಣಸಿಗೆ ಇದರ ಎರಡರಷ್ಟು ಗಟ್ಟಿ. ಕಲಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಅಂತ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮುಂಗಾರು ಬೇಗ ಬಂದ ವರ್ಷ ಅರ್ಧ ತೋಟಕ್ಕೆ ಹೊಡೆದು ಅರ್ಧ ಬಿಟ್ಟವರು ಆಗಸ್ಟ್‌ನಲ್ಲಿ ಎರಡು ಬಣ್ಣದ ತೋಟ ನೋಡುತ್ತಾರೆ.

ಮಳೆಗಾಲ. ಘಟ್ಟದ ಅಂಚಿನ ತೋಟಗಳಲ್ಲಿ ಜುಲೈ ಒಂದೇ ತಿಂಗಳಲ್ಲಿ 40-50 ಇಂಚು ಬೀಳುವುದು ವಿಶೇಷ ಏನಲ್ಲ. ಕರೆಂಟ್ ಹೋದರೆ ದಿನಗಟ್ಟಲೆ ಹೋಯಿತು. ಹಿಂದೆ ಗೊರಬು ಇತ್ತು, ಈಗ ಎಲ್ಲರ ತಲೆ ಮೇಲೂ ಪ್ಲಾಸ್ಟಿಕ್ ಕೊಪ್ಪೆ. ಇಂಬಳಕ್ಕೆ ಹೊಗೆಸೊಪ್ಪು-ಸುಣ್ಣ ಕಾಲಿಗೆ ತಿಕ್ಕಿಕೊಂಡೇ ತೋಟಕ್ಕೆ ಇಳಿಯುವುದು, ಆದರೂ ಸಂಜೆ ಸಾಕ್ಸ್ ಬಿಚ್ಚಿದರೆ ಎರಡು ಇದ್ದೇ ಇರುತ್ತವೆ. ಕೆಲಸ ನಿಂತಿತು ಅಂದುಕೊಂಡಿರಾ? ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಚಿಗುರು) ತೆಗೆಯಬೇಕು, ಇಲ್ಲದಿದ್ದರೆ ಗಿಡದ ಸತ್ವ ಎಲ್ಲ ಅದಕ್ಕೇ ಹೋಗುತ್ತದೆ. ಚರಂಡಿ ಬಿಡಿಸಬೇಕು. ಕೊಳೆ ಕಂಡ ಕಡೆ, ಅಂದರೆ ಎಲೆ ಕಪ್ಪಾಗಿ ನೂಲಿನಂಥದ್ದಕ್ಕೆ ಅಂಟಿಕೊಂಡು ನೇತಾಡುತ್ತಿದ್ದರೆ, ಅದನ್ನೆಲ್ಲ ಕೈಯಲ್ಲೇ ಆರಿಸಿ ಹೂಳಬೇಕು. ಮಧ್ಯೆ ನಾಲ್ಕು ದಿನ ಹೊಳವಾದರೆ, ಅಂದರೆ ಮಳೆ ಬಿಟ್ಟರೆ, ಗೊಬ್ಬರ, ಇನ್ನೊಂದು ಸುತ್ತು ಔಷಧಿ. ಸುಖ ಇಲ್ಲ ಅಂತಲ್ಲ. ಕಳಲೆ, ಅಣಬೆ, ಹೊಲದ ಏಡಿ, ಕೆಸುವಿನ ಪತ್ರೊಡೆ ಎಲ್ಲ ಇದೇ ತಿಂಗಳಿನದು, ಒಲೆ ಮುಂದೆ ಕೂತು ತಿನ್ನುವ ಕಾಲ.

ಸೆಪ್ಟೆಂಬರ್-ಅಕ್ಟೋಬರ್ ಬೇಗ ಹೇಳಿ ಮುಗಿಸುತ್ತೇನೆ. ಕಳೆ, ಗೊಬ್ಬರ, ಅಗತೆ (ಮಣ್ಣು ಅಗೆಯುವುದು), ನೀರು ಇಂಗಿಸುವ ತೊಟ್ಟಿಲು ಗುಂಡಿ, ಕಾಫಿ ಒಣಗಿಸುವ ಕಣದ ರಿಪೇರಿ. ಅರೇಬಿಕಾದಲ್ಲಿ ಮಾತ್ರ ಒಂದೊಂದು ಗಿಡವನ್ನೂ ನೋಡುತ್ತಾ ಬೋರರ್ ಹುಡುಕಬೇಕು. ಎಲೆ ಹಳದಿಯಾಗಿ ಬಾಡಿದ್ದು, ಕಾಂಡದ ಮೇಲೆ ಉಬ್ಬಿದ ಗೆರೆ ಕಂಡದ್ದನ್ನು ಕಿತ್ತು ಸುಡಲೇಬೇಕು. ಫಸಲು ಜೋತಾಡುತ್ತಿರುವ ಗಿಡ ಕೀಳೋಕೆ ಯಾವ ಮೇಸ್ತ್ರಿಗೂ ಮನಸ್ಸು ಬರಲ್ಲ. ಅದಕ್ಕೂ ಮಾಲೀಕನೇ ಬೇಕು.

ಇನ್ನು ನೀವು ಬರಬೇಕು ಅಂದುಕೊಂಡಿರುವ ಕುಯ್ಲು. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಫೆಬ್ರವರಿ-ಮಾರ್ಚ್‌ವರೆಗೆ. ಅರೇಬಿಕಾ ಒಟ್ಟಿಗೆ ಹಣ್ಣಾಗಲ್ಲ, ಕೆಂಪಗಾದದ್ದನ್ನಷ್ಟೇ ಬಿಡಿಸಿ ಎರಡು-ಮೂರು ಸುತ್ತು ಬರಬೇಕು, ಅದಕ್ಕೆ ದಿನಗೂಲಿ. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಮಾಡುವುದಾದರೆ ಬಿಡಿಸಿದ ದಿನವೇ ಪಲ್ಪ್ ಆಗಬೇಕು, ಅಂದರೆ ಮೆಷಿನ್‌ನಲ್ಲಿ ಹಣ್ಣಿನ ಸಿಪ್ಪೆ ತೆಗೆಯಬೇಕು, ಹಣ್ಣು ರಾತ್ರಿ ಮೂಟೆಯಲ್ಲಿ ಬಿಸಿಯಾದರೆ ಪರಿಮಳ ಹೋಯಿತು. ರೋಬಸ್ಟಾ ಕೆಳಗೆ ಟಾರ್ಪಾಲು ಹಾಸಿ ಉದುರಿಸುತ್ತಾರೆ, ಕೆಜಿಗೆ ಇಷ್ಟು ಅಂತ ಕೂಲಿ. ಸಂಜೆ ತೂಕದ ಹೊತ್ತಿಗೆ ಸೊಪ್ಪು ಜಾಸ್ತಿ, ಹಸಿಕಾಯಿ ಜಾಸ್ತಿ ಅಂತ ಸಣ್ಣ ಜಗಳ ದಿನಾ ಇದ್ದದ್ದೇ. ಬಿಡಿಸುವವರನ್ನು ಕಾಡುವುದು ಚಳಿಗಿಂತ ಚಗಳಿ, ಅಂದರೆ ಕೆಂಜಿರುವೆ. ಗೂಡಿರುವ ರೆಕ್ಕೆಗೆ ಕೈ ಹಾಕಿದರೆ ಕತ್ತಿನವರೆಗೂ ಕಡಿಯುತ್ತದೆ.

ಈಗ ಬಿಡಿಸುವವರು ಯಾರು? ಊರಿನವರು ಕೆಲವರು, ಬಯಲುಸೀಮೆಯಿಂದ ಬರುವವರು, ಮತ್ತೆ ಎಷ್ಟೋ ತೋಟಗಳಲ್ಲಿ ಅಸ್ಸಾಮಿನಿಂದ ಸಂಸಾರ ಸಮೇತ ಬಂದವರು. ಲೈನ್ ಮನೆಗೆ (ಕೆಲಸದವರ ಸಾಲುಮನೆಗೆ) ನೀರಿಲ್ಲ, ಕಕ್ಕಸು ಸರಿ ಇಲ್ಲ, ಬಟವಾಡೆ (ಕೂಲಿ ಹಂಚುವುದು) ವಾರ ವಾರ ಸರಿಯಾಗಿ ಆಗಲ್ಲ ಅಂದರೆ ಅವರು ಮುಂದಿನ ವರ್ಷ ಪಕ್ಕದ ತೋಟಕ್ಕೆ ಹೋಗುತ್ತಾರೆ, ಹೋಗಬೇಕಾದ್ದೇ. ಕೂಲಿಯವರು ಸಿಗಲ್ಲ ಅಂತ ಗೋಳಾಡುವ ಮಾಲೀಕರಲ್ಲಿ ಅರ್ಧ ಜನ ಲೈನ್ ಮನೆ ಒಳಗೆ ಕಾಲಿಟ್ಟು ನೋಡಿಲ್ಲ. ಭಾನುವಾರದ ಸಂತೆಗೆ ಹೋಗಿಬರೋಕೆ ಜೀಪು ಕೊಡಿ, ಅದೇನು ದೊಡ್ಡ ಖರ್ಚಲ್ಲ.

ಕುಯ್ಲಲ್ಲೂ ಮಳೆ ಬಿಡುವುದಿಲ್ಲ. 2021ರ ಜನವರಿಯಲ್ಲಿ ಬಿತ್ತಲ್ಲ, ನೆನಪಿರಬಹುದು. ಕಣದಲ್ಲಿದ್ದದ್ದು ನೆನೆಯಿತು, ಗಿಡದಲ್ಲಿದ್ದದ್ದು ಬಿರಿದು ಉದುರಿತು. ಕಾಲವಲ್ಲದ ಮಳೆಯ ಇನ್ನೊಂದು ಪೇಚು ಏನೆಂದರೆ ಹಣ್ಣು ಗಿಡದಲ್ಲಿರುವಾಗಲೇ ಹೂವು ಬಂದುಬಿಡುತ್ತದೆ. ಹಣ್ಣು ಬಿಡಿಸೋಕೆ ಹೋದರೆ ಹೂವು ಉದುರುತ್ತದೆ, ಹೂವು ಕಾಯೋಕೆ ಹೋದರೆ ಹಣ್ಣು ನೆಲಕ್ಕೆ ಬೀಳುತ್ತದೆ.

ದುಡ್ಡಿನ ಮಾತು. ನಿಮಗೆ ಈ ಯೋಚನೆ ಬಂದದ್ದು ರೇಟ್ ನೋಡಿ ಅಂತ ನನ್ನ ಗುಮಾನಿ. 2020ರ ಆಸುಪಾಸಿನಲ್ಲಿ 50 ಕೆಜಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಮೂರು-ಮೂರೂವರೆ ಸಾವಿರ ಇತ್ತು, 2024ರಲ್ಲಿ 10,000 ದಾಟಿತು. ಸರಿ, ಆದರೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಬಟವಾಡೆ ಪ್ರತಿ ವಾರ. ಟೀ ತೋಟದವರಿಗೆ ಹೀಗಲ್ಲ. ಇಲ್ಲೇ ಸಕಲೇಶಪುರದ ಹತ್ತಿರ ಕಾಡುಮನೆಯಲ್ಲಿ ಟೀ ಇದೆ, ಅಲ್ಲಿ ಒಂದೆರಡು ವಾರಕ್ಕೊಮ್ಮೆ ಅದೇ ಗಿಡಕ್ಕೆ ಕುಡಿ ಚಿವುಟೋಕೆ ಬರುತ್ತಾರೆ, ಕೆಲಸವೂ ಆದಾಯವೂ ವರ್ಷವಿಡೀ ಹಂಚಿಹೋಗಿರುತ್ತದೆ. ಆದರೆ ಕುಡಿ ಹಸಿಯಾಗಿರುವಾಗಲೇ ಫ್ಯಾಕ್ಟರಿ ಮುಟ್ಟಬೇಕು. ಫ್ಯಾಕ್ಟರಿ ಇಲ್ಲದೆ ಆರೇಳು ಎಕರೆಯವರು ಇಲ್ಲಿ ಟೀ ಕನಸು ಕಾಣಬೇಡಿ.

ಆನೆ ವಿಷಯ ನೀವು ಕೇಳಲಿಲ್ಲ, ಕೇಳಬೇಕಿತ್ತು. ಆಲೂರು-ಸಕಲೇಶಪುರ ಕಡೆ ಬೆಳಗ್ಗೆ ಆನೆ ಎಲ್ಲಿದೆ ಅಂತ ಮೆಸೇಜ್ ಬರುವವರೆಗೆ ಕೆಲಸಕ್ಕೆ ಜನ ಇಳಿಸುವುದಿಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ಇನ್ನೂ ಜೋರು.

ಆದರೂ ತೆಗೆದುಕೊಳ್ಳಲೇಬೇಕು ಅನ್ನಿಸಿದರೆ ಬ್ರೋಕರ್ ಕರೆದ ಹಾಗೆ ಜನವರಿಯಲ್ಲಿ ತೋಟ ನೋಡೋಕೆ ಬರಬೇಡಿ, ಆಗ ಎಲ್ಲ ತೋಟವೂ ಚೆಂದ. ಜುಲೈ ಕೊನೆಯಲ್ಲಿ ಒಂದು ಸಲ ಬನ್ನಿ, ರಸ್ತೆ ಎಲ್ಲಿ ಕುಸಿಯುತ್ತದೆ, ಯಾವ ಪಟ್ಟೆಯಲ್ಲಿ ಕೊಳೆ ಇದೆ, ಲೈನ್ ಮನೆ ಸೋರುತ್ತಾ ನೋಡಿ. ಮಾರ್ಚ್ ಮಧ್ಯದಲ್ಲಿ ಇನ್ನೊಂದು ಸಲ ಬಂದು ನೇರ ಕೆರೆ ಹತ್ತಿರ ಹೋಗಿ. ಅಲ್ಲಿ ಎರಡು ಸುತ್ತು ಸ್ಪ್ರಿಂಕ್ಲರ್‌ಗೆ ಆಗುವಷ್ಟು ನೀರು ಇಲ್ಲದಿದ್ದರೆ ರೇಟ್ ಮಾತಾಡೋಕೂ ಕೂರಬೇಡಿ.