ಹೋರಿಗೆ ತಾಗಿದ ವಿಷ ಕರುವಿಗೂ ಬರುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟ. ಕೀಟನಾಶಕದ ಡಬ್ಬಿ ತೊಳೆದ ನೀರನ್ನು ನಮ್ಮ ಮಲೆನಾಡು ಗಿಡ್ಡ ಹೋರಿ ಕುಡಿದು ಎರಡು ದಿನ ನರಳಿ ಚೇತರಿಸಿಕೊಂಡಿದೆ. ಗಬ್ಬದ ಹಸುವಿಗೆ ವಿಷ ತಾಗಿದರೆ ಕರುವಿಗೆ ಕೇಡೆಂದು ಬಲ್ಲೆವು. ತಂದೆಗೆ ತಾಗಿದ್ದೂ ಕರುವಿಗೆ ಬರುವುದುಂಟೇ?
– ಒಬ್ಬ ಕೃಷಿಕರು, ಶಿರಸಿ

ಉತ್ತರ: ಬರುವುದುಂಟು, ಆದರೆ ಎಲ್ಲ ವಿಷಗಳಿಂದಲೂ ಅಲ್ಲ. ನರಗಳನ್ನು ಕಾಡುವ ವಿಷವೇ ಬೇರೆ, ಜೀವಕೋಶದ ಡಿಎನ್‌ಎಯನ್ನು ಕೆಡಿಸುವ ರಾಸಾಯನಿಕವೇ ಬೇರೆ. ಎರಡನೆಯದು ತಾಗಿದ ಹೋರಿ ಹೊರನೋಟಕ್ಕೆ ಪೂರ್ಣ ಆರೋಗ್ಯವಾಗಿಯೇ ಇರಬಹುದು.

ವೃಷಣದ ಮೂಲಕೋಶವೊಂದು ಹಂತಹಂತವಾಗಿ ವೀರ್ಯಾಣುವಾಗಲು ಹೋರಿಯಲ್ಲಿ ಸುಮಾರು 60 ದಿನ ಬೇಕು. ಮೊದಲ ಹಂತಗಳ ಕೋಶಗಳು ಕೆಟ್ಟ ಡಿಎನ್‌ಎಯನ್ನು ತಕ್ಕಮಟ್ಟಿಗೆ ತಾವೇ ಸರಿಪಡಿಸಿಕೊಳ್ಳುತ್ತವೆ. ಕೊನೆಯ ಹಂತದಲ್ಲಿ ಡಿಎನ್‌ಎ ಬಿಗಿಯಾಗಿ ಅಡಕಗೊಂಡು ಆ ಶಕ್ತಿಯೇ ಇಲ್ಲವಾಗುವುದರಿಂದ, ಆಗ ಬಿದ್ದ ಪೆಟ್ಟು ವೀರ್ಯಾಣುವಿನೊಡನೆ ಅಂಡವನ್ನು ಸೇರುತ್ತದೆ. ಕ್ಯಾನ್ಸರ್ ಔಷಧವಾದ ಸೈಕ್ಲೋಫಾಸ್ಫಮೈಡನ್ನು ಗಂಡು ಇಲಿಗಳಿಗೆ ಕೊಟ್ಟು, ಔಷಧವನ್ನೇ ಕಾಣದ ಹೆಣ್ಣುಗಳೊಡನೆ ಕೂಡಿಸಿದಾಗ ಎಷ್ಟೋ ಭ್ರೂಣಗಳು ಗರ್ಭದಲ್ಲೇ ಸತ್ತವು. ತಾಯಿಗೆ ಏನೂ ತಾಗದಿದ್ದುದರಿಂದ ಕೇಡು ತಂದೆಯಿಂದಲೇ ಬಂದುದೆಂಬುದು ಸ್ಪಷ್ಟ.

ಇಂಥ ಕೇಡು ಹಳೆಯ ವೀರ್ಯಾಣುಗಳೆಲ್ಲ ಹೊರಹೋದ ಮೇಲೆ ತೀರುತ್ತದೆ. ಮೂಲಕೋಶವೇ ಕೆಟ್ಟರೆ ಮಾತ್ರ ಹಾಗಲ್ಲ. ಅದು ಬದುಕಿರುವಷ್ಟು ಕಾಲವೂ ಕೆಟ್ಟ ವೀರ್ಯಾಣುಗಳನ್ನು ಕೊಡುತ್ತಿರಬಹುದು. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ವಿಲಿಯಂ ರಸೆಲ್ ಮತ್ತು ಸಂಗಡಿಗರು ಎಥಿಲ್ ನೈಟ್ರೋಸೋಯೂರಿಯಾ ಎಂಬ ರಾಸಾಯನಿಕವು ಗಂಡು ಇಲಿಗಳ ಮೂಲಕೋಶಗಳಲ್ಲಿ ಇದನ್ನೇ ಮಾಡುವುದೆಂದು 1979ರಲ್ಲಿ ತೋರಿಸಿದರು. ಅದು ಪ್ರಯೋಗಶಾಲೆಯ ವಸ್ತು, ತೋಟದ ಔಷಧಿಯಲ್ಲ. ಹಾಗೆ ಬಂದ ದೋಷ ಕರುವಿನ ಮೈಯ ಪ್ರತಿ ಕೋಶದಲ್ಲೂ ಇರುವುದರಿಂದ ಅದರ ಸಂತತಿಗೂ ದಾಟಬಹುದು. ಅಡಗಿರುವ ಗುಣವಾದರೆ ಒಂದೆರಡು ತಲೆಮಾರು ಕಾಣಿಸದೆಯೂ ಇರಬಹುದು. ಊರಿನ ಹಲವು ಹಸುಗಳಿಗೆ ಒಂದೇ ಹೋರಿಯನ್ನು ಬಿಡುವ ನಮ್ಮ ಸೀಮೆಯಲ್ಲಿ ಇದು ಒಂದು ಮನೆಯ ಮಾತಾಗಿ ಉಳಿಯದು.

ಆದ್ದರಿಂದ ಮೂರು ತಿಂಗಳು ಈ ಹೋರಿಯನ್ನು ಹಸುಗಳಿಗೆ ಬಿಡಬೇಡಿ. ಡಬ್ಬಿಯ ಮೇಲಿನ ಚೀಟಿಯನ್ನು ಪಶುವೈದ್ಯರಿಗೆ ತೋರಿಸಿ, ಆ ಔಷಧಿ ಯಾವ ಗುಂಪಿನದೆಂದು ಕೇಳಿ ತಿಳಿಯಿರಿ. ಔಷಧಿ ಹೊಡೆಯುವ ನಿಮ್ಮ ವೃಷಣದಲ್ಲೂ ವೀರ್ಯಾಣು ಬೆಳೆಯುವ ಕ್ರಮ ಇದೇ, ಅವಧಿ ಸುಮಾರು 74 ದಿನ. ಕೈಗವಸು, ಮುಖಗವಸು ಇಲ್ಲದೆ ಪಂಪು ಹಿಡಿಯಬೇಡಿ.