ನಾಲೆ ಬಯಲಿನ ಕುರಿ, ಯಕೃತ್ತಿನ ಹುಳು ಮತ್ತು ಸೃಷ್ಟಿಯ ಪ್ರಶ್ನೆ

ಶ್ರೀರಂಗಪಟ್ಟಣದ ಕಡೆಯ ಕುರಿ ಸಾಕುವವರೊಬ್ಬರು ತಮ್ಮ ಬನ್ನೂರು ಕುರಿಗಳ ಗದ್ದದ ಕೆಳಗೆ ನೀರು ತುಂಬಿರುವುದನ್ನು ತಿಳಿಸಿ, ಯಕೃತ್ತಿನ ಹುಳುವಿನ ಇಷ್ಟು ಕರಾರುವಾಕ್ಕಾದ ಜೀವನಚಕ್ರವನ್ನು ದೇವರೇ ರಚಿಸಿದ್ದಾದರೆ ಕುರಿಗೇಕೆ ಈ ಕಾಟ, ಹುಳು ಔಷಧಿಗೆ ಬಗ್ಗದಂತಾಗುವುದು ವಿಕಾಸವಲ್ಲವೇ ಎಂದು ಕೇಳಿದ್ದಾರೆ.

ಕುರಿಯ ಹಿಕ್ಕೆಯೊಡನೆ ನೀರು ಸೇರಿದ ಈ ಹುಳುವಿನ ಮೊಟ್ಟೆಯೊಡೆದು ಬಂದ ಮರಿಯು ಸುಮಾರು ಒಂದು ದಿನದೊಳಗೆ ತನಗೆ ತಕ್ಕ ಜಾತಿಯ ಬಸವನಹುಳುವನ್ನು ಹೊಗದಿದ್ದರೆ ಸಾಯುತ್ತದೆ. ಹೊಕ್ಕರೆ, ಅಲ್ಲಿ ರೂಪ ಬದಲಿಸುತ್ತ ಒಂದು ನೂರಾರಾಗಿ, ಬಾಲವುಳ್ಳ ಮರಿಗಳಾಗಿ ಈಜಿಬಂದು, ಬದುವಿನ ಹುಲ್ಲಿಗೋ ಭತ್ತದ ಬುಡಕ್ಕೋ ಅಂಟಿ, ಬಾಲ ಕಳಚಿ, ಸಾಸಿವೆಗಿಂತ ಸಣ್ಣ ಕೋಶ ಕಟ್ಟಿಕೊಳ್ಳುತ್ತದೆ. ಕುರಿ ಅದನ್ನು ಮೇಯ್ದರೆ, ಕರುಳಿನ ಗೋಡೆ ಕೊರೆದು ಯಕೃತ್ತಿಗೆ ನುಗ್ಗಿ, ಮೂರ್ನಾಲ್ಕು ತಿಂಗಳಲ್ಲಿ ಪಿತ್ತನಾಳದಲ್ಲಿ ಬಲಿಯುತ್ತದೆ.

ಬೈಬಲ್ಲಿನ ಆದಿಕಾಂಡವನ್ನು ಅಕ್ಷರಶಃ ಒಪ್ಪುವ ಸೃಷ್ಟಿವಾದಿಗಳಲ್ಲಿ ಹಲವರು, ಇಂಥ ಜೀವಿಗಳು ಮೊದಲು ನಿರುಪದ್ರವಿಗಳಾಗಿದ್ದು, ಮನುಷ್ಯನು ದೇವರ ಮಾತು ಮೀರಿ ಪತನಗೊಂಡ ನಂತರ ಕೆಟ್ಟವೆನ್ನುತ್ತಾರೆ. (ನಮ್ಮಲ್ಲಾದರೆ ಕರ್ಮದ ಮೇಲೆ ಹಾಕಿ ಸುಮ್ಮನಾಗುತ್ತೇವೆ.) ಲಾಡಿಹುಳುವಿಗೆ ಕರುಳೇ ಇಲ್ಲದಿರುವುದನ್ನು ನೋಡಿದರೆ ಅವನತಿಯ ವಾದ ಸರಿಯೆನಿಸಬಹುದು, ಆದರೆ ಬಸವನಹುಳುವಿಗೊಂದು, ಹುಲ್ಲಿಗೊಂದು, ಕುರಿಗೊಂದು ಎಂದು ಬೇರೆಬೇರೆ ರೂಪ ತಾಳುವ ಈ ಹುಳುವನ್ನು ಬರೀ ಕೆಟ್ಟುಹೋದ ಜೀವಿಯೆಂದು ನಾನು ಒಪ್ಪಲಾರೆ. ಕಂಬಳಿಹುಳುವನ್ನು ಜೀವಂತವಾಗಿಯೇ ಒಳಗಿನಿಂದ ತಿನ್ನುವ ಕಣಜವನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆನೆಂದು ಡಾರ್ವಿನ್ 1860ರಲ್ಲಿ ಏಸಾ ಗ್ರೇ ಅವರಿಗೆ ಬರೆದರು. ಗ್ರೇ ದೈವಭಕ್ತರಾಗಿದ್ದುಕೊಂಡೇ ವಿಕಾಸವನ್ನು ಒಪ್ಪಿದ ಸಸ್ಯವಿಜ್ಞಾನಿ. ನನ್ನ ನಿಲುವೂ ಅದೇ.

ಔಷಧಿಯ ವಿಷಯದಲ್ಲಿ ಮಾತ್ರ ಜಗಳಕ್ಕೆ ಎಡೆಯಿಲ್ಲ. ಒಂದೇ ಔಷಧಿಯನ್ನು, ಅದರಲ್ಲೂ ಕುರಿಯ ತೂಕಕ್ಕೆ ಬೇಕಾದುದಕ್ಕಿಂತ ಕಡಿಮೆ ಪ್ರಮಾಣದಲ್ಲಿ, ಪದೇಪದೇ ಕುಡಿಸಿದರೆ ತಡೆಯುವ ಹುಳುಗಳಷ್ಟೇ ಉಳಿದು ಸಂತಾನ ಬೆಳೆಸುತ್ತವೆಂಬುದನ್ನು ಸೃಷ್ಟಿವಾದಿಗಳೂ ಅಲ್ಲಗಳೆಯುವುದಿಲ್ಲ. ಅವರು ಅದನ್ನು ಒಂದೇ ಜಾತಿಯೊಳಗಿನ ಆಯ್ಕೆ ಎನ್ನುತ್ತಾರೆ, ಅಷ್ಟೆ. ಎಳೆಯ ಹುಳುವನ್ನೂ ಕೊಲ್ಲುವ ಟ್ರೈಕ್ಲಾಬೆಂಡಜೋಲ್‌ಗೆ ಬಗ್ಗದ ಹುಳುಗಳು ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲೇ ಕಂಡುಬಂದವು. ಇನ್ನೊಂದು ಔಷಧಿಯಾದ ಆಕ್ಸಿಕ್ಲೋಜನೈಡ್ ಮುಖ್ಯವಾಗಿ ಬಲಿತ ಹುಳುವಿಗೇ ತಾಗುತ್ತದೆ.

ಹೊಟ್ಟೆಯಲ್ಲಿ ರಕ್ತ ಹೀರುವ ಹುಳುವಿನಿಂದಲೂ ಗದ್ದ ಊದುತ್ತದೆ. ಆದ್ದರಿಂದ ಮೊದಲು ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಹುಳು ಬಲಿಯುವ ಮುನ್ನ ಮೊಟ್ಟೆ ಸಿಗದು, ಹಾಗಾಗಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಕುರಿಯನ್ನು ತೂಗಿ, ಗಬ್ಬದ ಕುರಿಯಿದ್ದರೆ ವೈದ್ಯರಿಗೆ ತಿಳಿಸಿ ಔಷಧಿ ಪಡೆಯಿರಿ. ಕೊಟ್ಟ ಎರಡು ಮೂರು ವಾರಕ್ಕೆ ಹಿಕ್ಕೆಯನ್ನು ಮತ್ತೆ ತೋರಿಸಿ. ನಾಲೆಯ ಬಸಿನೀರು ನಿಲ್ಲುವ ಜಾಗಕ್ಕೆ ಮಂದೆಯನ್ನು ಬಿಡದೆ, ತೊಟ್ಟಿಯಲ್ಲಿ ನೀರು ಕುಡಿಸಿ, ಬಸಿನೀರಿನ ಜಾಗದ ಹುಲ್ಲನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿಯೇ ಹಾಕಿ.